ಕಟ್ಟಡದ ಕಡತ ಯಾರ ಕೈಯಲ್ಲಿದೆ?

ಲಂಡನ್ ನಗರದ ಉತ್ತರ ಕೆನ್ಸಿಂಗ್ಟನ್ ಪ್ರದೇಶದ ಗ್ರೆನ್‌ಫೆಲ್ ವಸತಿ ಗೋಪುರವನ್ನು ನೆಲಮಟ್ಟದ ತನಕ ಕಳಚಿ ತೆಗೆಯುವ ನಿರ್ಧಾರವನ್ನು ಬ್ರಿಟಿಷ್ ಸರಕಾರ 2025ರ ಫೆಬ್ರವರಿಯಲ್ಲಿ ಪ್ರಕಟಿಸಿತು. 2017ರ ಜೂನ್ 14ರ ನಡುರಾತ್ರಿಯ ಬೆಂಕಿಯಲ್ಲಿ 72 ಮಂದಿಯನ್ನು ಬಲಿ ತೆಗೆದುಕೊಂಡ ಕಟ್ಟಡವದು. ದೂರದ ಲಂಡನ್ನಿನ ಕಟ್ಟಡವೊಂದರ ಕಥೆಯಿಂದ ಕಾಸರಗೋಡಿನ ನಮಗೇನಾಗಬೇಕು ಎಂದು ಕೇಳುವವರಿರಬಹುದು. ಆದರೆ ಆ ದುರಂತದ ಬಗ್ಗೆ ನಡೆದ ದೀರ್ಘ ತನಿಖೆಯಿಂದ ಹೊರಬಿದ್ದ ಸತ್ಯವು ಬರಿಯ ಬೆಂಕಿಗೆ ಸಂಬಂಧಿಸಿದುದಲ್ಲ. ಕಟ್ಟಡವೊಂದರ ಬಗ್ಗೆ ಒಬ್ಬನಿಗೆ ಗೊತ್ತಿದ್ದುದು, ಅದು ಗೊತ್ತಿರಲೇಬೇಕಾದ ಇನ್ನೊಬ್ಬನಿಗೆ ತಲಪದೆ ಹೋದುದೇ ಅಲ್ಲಿ ಕೊಲೆಗಾರನಾಯಿತು. ಈ ರೋಗಕ್ಕೆ ದೇಶಭೇದವಿಲ್ಲ. ಕೇರಳದಲ್ಲೂ ಅದು ಪ್ರಾಣ ತೆಗೆದಿದೆ.

ಮುಗಿಯದ ವರದಿ

ಗ್ರೆನ್‌ಫೆಲ್ 24 ಮಹಡಿಗಳ ಕಟ್ಟಡ. 1974ರಲ್ಲಿ ಪೂರ್ತಿಯಾದುದು. ಕಾಂಕ್ರೀಟಿನ ಮೂಲ ಕಟ್ಟಡದಲ್ಲಿ ಒಂದು ಮನೆಗೆ ಬೆಂಕಿ ಬಿದ್ದರೆ ಅದು ಆ ಮನೆಯೊಳಗೇ ಉಳಿಯುತ್ತಿತ್ತು. 2016ರಲ್ಲಿ ಮುಗಿದ ನವೀಕರಣದ ವೇಳೆ ಗೋಪುರದ ಮೈಗೆ ಹೊಸ ಹೊದಿಕೆ ಹಾಕಲಾಯಿತು. ಮೊದಲು ಯೋಚಿಸಿದ್ದ ಸತುವಿನ ತಗಡಿನ ಬದಲಿಗೆ, ಖರ್ಚು ಉಳಿಸುವ ಸಲುವಾಗಿ, ಎರಡು ತೆಳು ಅಲ್ಯುಮಿನಿಯಂ ತಗಡುಗಳ ನಡುವೆ ಪಾಲಿಎಥಿಲೀನ್ ಪ್ಲಾಸ್ಟಿಕ್ ತುಂಬಿದ ಹಲಗೆಗಳು ಬಂದವು. ನಾಲ್ಕನೆಯ ಮಹಡಿಯ ಅಡುಗೆಮನೆಯೊಂದರ ಫ್ರಿಜ್ಜಿನಲ್ಲಿ ಹುಟ್ಟಿದ ಬೆಂಕಿಯು ಕಿಟಕಿಯ ಮೂಲಕ ಹೊರಬಿದ್ದು ಈ ಹೊದಿಕೆಯನ್ನು ಹಿಡಿದ ಮೇಲೆ ಗೋಪುರದ ತುದಿ ಮುಟ್ಟಲು ಅರ್ಧ ಗಂಟೆಯೂ ಬೇಕಾಗಲಿಲ್ಲ.

ಇಂಥ ಹಲಗೆಯ ಅಪಾಯ ಯಾರಿಗೂ ಗೊತ್ತಿರಲಿಲ್ಲವೆ? ಗೊತ್ತಿತ್ತು. ಅದನ್ನು ತಯಾರಿಸಿದ ಕಂಪೆನಿಯು ತನ್ನ ಪರೀಕ್ಷೆಗಳಿಂದ ತಿಳಿದ ಅಪಾಯದ ನಿಜವಾದ ಪ್ರಮಾಣವನ್ನು 2005ರಿಂದಲೂ ಉದ್ದೇಶಪೂರ್ವಕವಾಗಿ ಮಾರುಕಟ್ಟೆಯಿಂದ ಮರೆಮಾಚಿತೆಂದು ನ್ಯಾಯಮೂರ್ತಿ ಮಾರ್ಟಿನ್ ಮೂರ್-ಬಿಕ್ ಅಧ್ಯಕ್ಷತೆಯ ತನಿಖಾ ಸಮಿತಿಯು 2024ರ ಸೆಪ್ಟೆಂಬರಿನಲ್ಲಿ ತನ್ನ ಅಂತಿಮ ವರದಿಯಲ್ಲಿ ಹೇಳಿತು. ಆ ಸಾವುಗಳೆಲ್ಲವೂ ತಪ್ಪಿಸಬಹುದಾದ ಸಾವುಗಳೇ ಆಗಿದ್ದುವೆಂಬುದು ಸಮಿತಿಯ ನಿರ್ಣಯ.

ಮರೆಮಾಚಿದುದು ಮೋಸವಾಯಿತು. ಆದರೆ ಮೋಸವಿಲ್ಲದೆಡೆಯಲ್ಲೂ ಸಂಗತಿ ಹೇಗೆ ಸೋರಿಹೋಗುತ್ತದೆ ಎಂಬುದಕ್ಕೆ ಅದೇ ಕಡತದಲ್ಲಿ ಇನ್ನೊಂದು ಉದಾಹರಣೆಯಿದೆ. ನವೀಕರಣಕ್ಕಾಗಿ ನೇಮಿಸಿದ ಅಗ್ನಿ ಸುರಕ್ಷಾ ತಜ್ಞರು 2013ರಲ್ಲಿ ಕರಡು ವರದಿಯೊಂದನ್ನು ಕೊಟ್ಟರು. ಹೊರಮೈಯಲ್ಲಿ ಬೆಂಕಿ ಹರಡುವ ವಿಷಯದಲ್ಲಿ ಈ ಬದಲಾವಣೆಗಳಿಂದ ತೊಂದರೆಯಾಗದೆಂದೂ, ಮುಂದಿನ ಆವೃತ್ತಿಯಲ್ಲಿ ಇದನ್ನು ವಿಶ್ಲೇಷಿಸಿ ದೃಢಪಡಿಸಲಾಗುವುದೆಂದೂ ಅದರಲ್ಲಿತ್ತು. ಆ ಮುಂದಿನ ಆವೃತ್ತಿ ಬರಲೇ ಇಲ್ಲ. ತಜ್ಞರು ತಮ್ಮನ್ನು ಯಾರೂ ಕೇಳಲಿಲ್ಲವೆಂದು ಸುಮ್ಮನಿದ್ದರು. ವಾಸ್ತುಶಿಲ್ಪಿ, ಗುತ್ತಿಗೆದಾರ, ಹೊದಿಕೆ ಹಾಕಿದ ಉಪಗುತ್ತಿಗೆದಾರ, ಪರಿಶೀಲಿಸಬೇಕಾದ ನಗರಾಡಳಿತ, ಎಲ್ಲರೂ ಅದನ್ನು ಇನ್ನೊಬ್ಬರು ನೋಡಿಕೊಂಡಿರಬಹುದೆಂದು ತಿಳಿದರು. ಹೀಗೆ ಒಂದು ವಾಕ್ಯ ಪೂರ್ತಿಯಾಗದೆ ಉಳಿಯಿತು.

ಕತ್ತಲಲ್ಲಿ ಹುಡುಕಾಟ

ಆ ರಾತ್ರಿ ಧಾವಿಸಿ ಬಂದ ಅಗ್ನಿಶಾಮಕ ದಳದವರ ಧೈರ್ಯವನ್ನು ಯಾರೂ ಪ್ರಶ್ನಿಸಿಲ್ಲ. ಆದರೆ ಅವರ ಕೈಯಲ್ಲಿ ಕಟ್ಟಡದ ಒಳನಕ್ಷೆ ಇರಲಿಲ್ಲ. ಹೊರಮೈಗೆ ಏನು ಹೊದಿಸಿದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಅವರ ಕಚೇರಿಯ ದಾಖಲೆ ಹಳತಾಗಿತ್ತು. ನವೀಕರಣದಲ್ಲಿ ಮಹಡಿಗಳ ಸಂಖ್ಯೆಯೇ ಬದಲಾಗಿತ್ತು. ಹೊಗೆ ತುಂಬಿದ ಮೆಟ್ಟಿಲಲ್ಲಿ ತಾವು ಯಾವ ಮಹಡಿಯಲ್ಲಿದ್ದೇವೆಂದು ಅರಿಯುವುದೂ ಕಷ್ಟವಾಯಿತು. ‘ಮನೆಯೊಳಗೇ ಇರಿ’ ಎಂಬ ಹಳೆಯ ಸೂಚನೆಯನ್ನು ಹಿಂತೆಗೆದುಕೊಂಡಾಗ ಗಂಟೆ 2.47. ಬೆಂಕಿಯ ಮೊದಲ ಕರೆ ಬಂದುದು 12.54ಕ್ಕೆ. ಸುಮಾರು ಒಂದೂವರೆ ಗಂಟೆಯ ಹೊತ್ತಿಗಾಗಲೇ ಜನರನ್ನು ಹೊರಗೆ ಕಳುಹಿಸಬೇಕೆಂಬ ನಿರ್ಧಾರ ಸಾಧ್ಯವಿತ್ತೆಂದು ತನಿಖಾ ಸಮಿತಿಯು 2019ರ ತನ್ನ ಮೊದಲ ವರದಿಯಲ್ಲಿ ಅಭಿಪ್ರಾಯಪಟ್ಟಿತು. ಆ ಒಂದು ತಾಸಿಗೂ ಮಿಕ್ಕಿದ ಹೊತ್ತಿನ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಅಪಾಯವಿದೆಯೆಂದು ಆ ಗೋಪುರದ ನಿವಾಸಿಗಳು ಮೊದಲೇ ಹೇಳುತ್ತಲಿದ್ದರು. ದೊಡ್ಡ ಅನಾಹುತವಾದ ಮೇಲೆಯೇ ಆಡಳಿತದ ಕಣ್ಣು ತೆರೆಯಬಹುದೆಂದು ನಿವಾಸಿಗಳ ಗುಂಪೊಂದು 2016ರ ನವೆಂಬರಿನಲ್ಲಿ ಬರೆದುದುಂಟು. 2025ರ ನವೆಂಬರ್ 26ರಂದು ಹಾಂಗ್‌ಕಾಂಗಿನ ತೈ ಪೋ ಪ್ರದೇಶದಲ್ಲಿ ದುರಸ್ತಿ ನಡೆಯುತ್ತಿದ್ದ ವಸತಿ ಸಮುಚ್ಚಯದಲ್ಲಿ 150ಕ್ಕೂ ಮಿಕ್ಕಿ ಜನ ಸುಟ್ಟು ಸತ್ತಾಗಲೂ ಇದೇ ಮಾತು ಕೇಳಿಬಂತು. ಸಾರುವೆಗೆ ಹೊದಿಸಿದ ಬಲೆಯ ಬಗ್ಗೆ ಅಲ್ಲಿನವರು ಹಿಂದಿನ ವರ್ಷವೇ ದೂರಿದ್ದರು. ಬೆಂಕಿಯ ಅಪಾಯ ಕಡಿಮೆಯೆಂಬ ಉತ್ತರ ಅವರಿಗೆ ದೊರಕಿತ್ತು. ಮೇಲಿನಿಂದ ಕೆಳಗೆ ಸಂಗತಿ ಇಳಿಯಬೇಕು, ನಿಜ. ಕೆಳಗಿನಿಂದ ಮೇಲಕ್ಕೂ ಅದು ಏರಬೇಕು.

ಚಿನ್ನದ ಎಳೆ

ಗ್ರೆನ್‌ಫೆಲ್ ಬೆಂಕಿಯ ನಂತರ ಕಟ್ಟಡ ನಿಯಮಗಳ ಪುನರ್ವಿಮರ್ಶೆಗೆ ನೇಮಕಗೊಂಡ ಇಂಜಿನಿಯರ್ ಜೂಡಿತ್ ಹ್ಯಾಕಿಟ್ ಅವರು 2018ರ ಮೇ ತಿಂಗಳಲ್ಲಿ ಕೊಟ್ಟ ವರದಿಯಲ್ಲಿ ‘ಚಿನ್ನದ ಎಳೆ’ ಎಂಬ ಮಾತನ್ನು ಬಳಸಿದರು. ನಕ್ಷೆ ಬರೆದ ದಿನದಿಂದ ಕಟ್ಟಡ ಕೆಡಹುವ ದಿನದ ವರೆಗೆ, ಏನು ಯೋಚಿಸಿದರು, ಏನು ಕಟ್ಟಿದರು, ಎಲ್ಲಿ ಬದಲಿಸಿದರು, ಯಾರು ಒಪ್ಪಿಗೆ ಕೊಟ್ಟರು ಎಂಬ ವಿವರವೆಲ್ಲ ಒಂದೇ ಎಳೆಯಾಗಿ ಹರಿದು ಬರಬೇಕು, ಎಲ್ಲೂ ಕಡಿಯಬಾರದು ಎಂಬುದು ಅದರ ಅರ್ಥ. 2022ರಲ್ಲಿ ಬಂದ ಕಟ್ಟಡ ಸುರಕ್ಷಾ ಶಾಸನವು ಇಂಗ್ಲೆಂಡಿನಲ್ಲಿ 18 ಮೀಟರ್ ಅಥವಾ 7 ಮಹಡಿಗಿಂತ ಕಡಿಮೆಯಲ್ಲದ ವಸತಿ ಕಟ್ಟಡಗಳಿಗೆ ಇದನ್ನು ಕಡ್ಡಾಯಗೊಳಿಸಿತು. ಅಂಥ ಪ್ರತಿ ಕಟ್ಟಡಕ್ಕೂ ಒಬ್ಬ ಹೊಣೆಗಾರನಿರಬೇಕು. ವಿವರಗಳು ಕಂಪ್ಯೂಟರಿನಲ್ಲಿ ಕ್ರಮಬದ್ಧವಾಗಿರಬೇಕು. ಕೈಬದಲಾದಾಗ ಅವೂ ಕೈಬದಲಾಗಬೇಕು. ಎತ್ತರದ ಕಟ್ಟಡಗಳ ನಕ್ಷೆ ಮತ್ತು ಹೊರಗೋಡೆಯ ವಿವರ ಅಗ್ನಿಶಾಮಕ ದಳಕ್ಕೆ ಮೊದಲೇ ತಲಪಿರಬೇಕೆಂದೂ, ಮೆಟ್ಟಿಲಿನ ಬಳಿ ಮಹಡಿಯ ಸಂಖ್ಯೆ ಹೊಗೆಯಲ್ಲೂ ಕಾಣುವಂತಿರಬೇಕೆಂದೂ 2023ರ ಜನವರಿಯಿಂದ ನಿಯಮವಾಯಿತು.

ಇದರಿಂದ ಎಲ್ಲವೂ ಸರಿಹೋಯಿತೆಂದು ನಾವು ಹೇಳಲಾರೆವು. 12 ವಾರಗಳೊಳಗೆ ಸಿಗಬೇಕಾದ ಪೂರ್ವಾನುಮತಿಗಾಗಿ ನಿರ್ಮಾಪಕರು ತಿಂಗಳುಗಟ್ಟಲೆ ಕಾಯಬೇಕಾಗಿ ಬಂದು ಮನೆಗಳ ಕೆಲಸ ನಿಂತಿತೆಂಬ ಟೀಕೆ ಅಲ್ಲಿ ಬಲವಾಗಿ ಕೇಳಿಬಂದಿದೆ. ಕಡತವನ್ನು ಓದಿ ತಿಳಿಯಬಲ್ಲ ಪರಿಣತರಿಲ್ಲದೆ ಕಡತ ಮಾತ್ರ ಬೆಳೆದರೆ ಹೀಗಾಗುವುದು ಸಹಜ.

ಕಾಗದವೇ ಕಟ್ಟಡವಲ್ಲ ಎಂಬುದನ್ನೂ ಲಂಡನ್ನೇ ಹಿಂದೊಮ್ಮೆ ಕಲಿತಿತ್ತು. 1968ರ ಮೇ 16ರಂದು ಅಲ್ಲಿನ ರೋನಾನ್ ಪಾಯಿಂಟ್ ಎಂಬ 22 ಮಹಡಿಗಳ ಕಟ್ಟಡದ ಒಂದು ಮೂಲೆ ಗ್ಯಾಸ್ ಸ್ಫೋಟದಿಂದ ಕುಸಿದು 4 ಮಂದಿ ಸತ್ತರು. ಮೂಲೆಯನ್ನು ಮತ್ತೆ ಕಟ್ಟಿ ಜನರನ್ನು ಕೂರಿಸಲಾಯಿತು. 1986ರಲ್ಲಿ ಕಟ್ಟಡವನ್ನು ಮಹಡಿ ಮಹಡಿಯಾಗಿ ಕಳಚಿದಾಗ, ಗಾರೆ ತುಂಬಬೇಕಾಗಿದ್ದ ಸಂದುಗಳಲ್ಲಿ ಹಳೆಯ ಪತ್ರಿಕೆಯ ಹಾಳೆಗಳು ಸಿಕ್ಕಿದುವು. ನಕ್ಷೆಯಲ್ಲಿ ಬರೆದುದು ಒಂದು, ಕಟ್ಟಿದುದು ಇನ್ನೊಂದು. ಆದುದರಿಂದ ಕಟ್ಟುವಾಗಲೇ ನೋಡಿ ಬರೆದಿಟ್ಟ ದಾಖಲೆಗೆ ಮಾತ್ರ ಬೆಲೆ.

ನಮ್ಮ ಅಂಗಳದಲ್ಲಿ

ಇನ್ನು ನಮ್ಮ ರಾಜ್ಯದ ಮಾತು. 2025ರ ಜುಲೈ 3ರಂದು ಕೋಟ್ಟಯಂ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಹಳೆಯ ಕಟ್ಟಡದ ಒಂದು ಭಾಗ ಕುಸಿಯಿತು. ಅದು ಉಪಯೋಗದಲ್ಲಿಲ್ಲದ ಭಾಗವೆಂದು ಆರಂಭದಲ್ಲಿ ಹೇಳಲಾಯಿತು. ನಿಜದಲ್ಲಿ ಅಲ್ಲಿನ ಶೌಚಾಲಯವನ್ನು ಜನ ಬಳಸುತ್ತಿದ್ದರು. ಆಸ್ಪತ್ರೆಯಲ್ಲಿದ್ದ ಮಗಳ ಆರೈಕೆಗೆ ಬಂದಿದ್ದ ತಾಯಿಯೊಬ್ಬರು ಅವಶೇಷಗಳಡಿ ಸಿಲುಕಿದ್ದರು. ಅವರನ್ನು ಹೊರತೆಗೆಯುವಾಗ ಗಂಟೆಗಳೇ ಕಳೆದಿದ್ದುವು, ಅವರ ಪ್ರಾಣ ಉಳಿಯಲಿಲ್ಲ. ಕಡತದಲ್ಲಿ ಮುಚ್ಚಿದ ಕಟ್ಟಡವು ಕಣ್ಣೆದುರಿಗೆ ತೆರೆದೇ ಇತ್ತು. ಲಂಡನ್ನಿನಲ್ಲಿ 24 ಮಹಡಿಗಳಲ್ಲಿ ಆದುದು ಇಲ್ಲಿ ಒಂದು ಶೌಚಾಲಯದಲ್ಲಿ ಆಯಿತು, ಅಷ್ಟೇ ವ್ಯತ್ಯಾಸ.

ನಮ್ಮಲ್ಲಿ ಕಾನೂನುಗಳಿಗೇನೂ ಕೊರತೆಯಿಲ್ಲ. ಕೇರಳದಲ್ಲಿ ನಗರಸಭೆಗಳಿಗೂ ಪಂಚಾಯತುಗಳಿಗೂ 2019ರ ಕಟ್ಟಡ ನಿಯಮಗಳಿವೆ. 2024ರ ಜನವರಿ 1ರಿಂದ ನಗರಾಡಳಿತಗಳಲ್ಲೂ, ಮರುವರ್ಷ ಗ್ರಾಮ ಪಂಚಾಯತುಗಳಲ್ಲೂ ‘ಕೆ-ಸ್ಮಾರ್ಟ್’ ವ್ಯವಸ್ಥೆ ಬಂದು ಅರ್ಜಿಗಳು ಕಂಪ್ಯೂಟರ್ ಮೂಲಕ ಸಾಗುತ್ತಿವೆ. ಸಣ್ಣ ಮನೆಗಳಿಗೆ ಸ್ವಯಂ ದೃಢೀಕರಣದ ಮೇಲೆ ಬೇಗನೆ ಪರವಾನಗಿ ಸಿಗುತ್ತದೆ. ಅಲೆದಾಟ ತಪ್ಪಿದುದು ಸ್ವಾಗತಾರ್ಹವೇ. ಆದರೆ ಇದು ಪರವಾನಗಿಯ ಕಡತ. ಕಟ್ಟಡದ ಕಡತವಲ್ಲ. ರಸ್ತೆಯಿಂದ ಎಷ್ಟು ಬಿಟ್ಟಿದೆ, ಎಷ್ಟು ಚದರ ಮೀಟರ್ ಇದೆ ಎಂಬುದನ್ನು ಅದು ಹೇಳುತ್ತದೆ. ಕಂಬದಲ್ಲಿ ಎಷ್ಟು ದಪ್ಪದ ಕಬ್ಬಿಣ ಹಾಕಿದೆ, ಮಳೆಗಾಲದಲ್ಲಿ ಹಾಕಿದ ಸ್ಲಾಬಿಗೆ ಎಷ್ಟು ದಿನ ನೀರುಣಿಸಿದರು ಎಂಬುದನ್ನು ಮೇಸ್ತ್ರಿಯೊಬ್ಬನೇ ಬಲ್ಲ. ಅವನೂ ಮುಂದಿನ ಕೆಲಸಕ್ಕೆ ಹೋಗುತ್ತಾನೆ.

ನಮ್ಮ ಊರುಗಳಲ್ಲಿ ಕಾಣುವ ದೃಶ್ಯವೊಂದನ್ನು ನೋಡೋಣ. ತಂದೆಯ ಕಾಲದ ಮುರಕಲ್ಲಿನ ಮನೆ. ಮಗ ಗಲ್ಫಿನಿಂದ ಹಣ ಕಳುಹಿಸುತ್ತಾನೆ. ಹಂಚು ತೆಗೆದು ಸ್ಲಾಬು ಹಾಕಿಯಾಗುತ್ತದೆ. ಹತ್ತು ವರ್ಷ ಕಳೆದು ಅದರ ಮೇಲೆ ಇನ್ನೊಂದು ಮಹಡಿ. ಕೆಳಗಿನ ಪಂಚಾಂಗ ಎಷ್ಟು ಆಳಕ್ಕಿದೆ, ಗಟ್ಟಿ ಜಂಬಿಟ್ಟಿಗೆಯ ಮೇಲಿದೆಯೋ ಗದ್ದೆ ತುಂಬಿಸಿದ ಮಣ್ಣಿನ ಮೇಲಿದೆಯೋ ಎಂದು ಕೇಳಿದರೆ ಹೇಳುವವರಿಲ್ಲ. ಕಟ್ಟಿದ ಮೇಸ್ತ್ರಿ ಈಗಿಲ್ಲ. ಮನೆಯ ಒಡೆಯ ಮರುಭೂಮಿಯಲ್ಲಿದ್ದು ಫೋನಿನಲ್ಲಿ ಬಂದ ಚಿತ್ರ ನೋಡಿ ಒಪ್ಪಿಗೆ ಕೊಡುತ್ತಾನೆ. ಪಂಚಾಂಗ ನೋಡಿ ಒಕ್ಕಲಿಗೆ ಮುಹೂರ್ತ ಇಡುವ ನಾವು ಮನೆಯ ಪಂಚಾಂಗದ ಆಳವನ್ನು ಒಂದು ಹಾಳೆಯಲ್ಲಿ ಬರೆದಿಡುವುದಿಲ್ಲ. ಮಕ್ಕಳ ಜಾತಕ ಕಪಾಟಿನಲ್ಲಿ ಜೋಪಾನವಾಗಿದೆ. ಅವರು ಮಲಗುವ ಮಾಡಿನ ಜಾತಕ ಎಲ್ಲೂ ಇಲ್ಲ.

ಕಾಸರಗೋಡು, ಉಪ್ಪಳ, ಮಂಜೇಶ್ವರದ ಪೇಟೆಗಳಲ್ಲಿ ಏಳುತ್ತಿರುವ ವಸತಿ ಸಮುಚ್ಚಯಗಳಲ್ಲಿ ಮನೆ ಕೊಂಡವರು ಒಂದು ವಿಷಯವನ್ನು ಗಮನಿಸಬೇಕು. ಕೇಂದ್ರದ 2016ರ ರಿಯಲ್ ಎಸ್ಟೇಟ್ ಕಾನೂನಿನ 17ನೆಯ ವಿಧಿಯಂತೆ, ಕಟ್ಟಡದ ನಕ್ಷೆಗಳನ್ನೂ ಅಗತ್ಯ ದಾಖಲೆಗಳನ್ನೂ ನಿವಾಸಿಗಳ ಸಂಘಕ್ಕೆ ಒಪ್ಪಿಸುವುದು ನಿರ್ಮಾಪಕನ ಕರ್ತವ್ಯ. ಸ್ಥಳೀಯ ಕಾನೂನು ಬೇರೇನೂ ಹೇಳದಿದ್ದರೆ, ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ ಸಿಕ್ಕಿದ 30 ದಿನಗಳೊಳಗೆ ಅದು ನಡೆಯಬೇಕು. 14ನೆಯ ವಿಧಿಯಂತೆ, ಮನೆ ಕೈಗೆ ಬಂದ 5 ವರ್ಷಗಳೊಳಗೆ ರಚನೆಯ ದೋಷ ಕಂಡುಬಂದು ತಿಳಿಸಿದರೆ ಅದನ್ನು ಅವನು ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಈ ಹಕ್ಕನ್ನು ಕೇಳಿ ಪಡೆದ ಸಂಘಗಳೆಷ್ಟು? ಗೋಡೆಯ ಬಣ್ಣಕ್ಕೂ ಲಿಫ್ಟಿಗೂ ಜಗಳವಾಡುವ ನಾವು ನಕ್ಷೆಯನ್ನು ಕೇಳಲು ಮರೆಯುತ್ತೇವೆ.

ಯಾವ ಭಾಷೆಯಲ್ಲಿ?

ಇಲ್ಲಿ ನಮ್ಮ ನಾಡಿಗೇ ವಿಶೇಷವಾದ ಪ್ರಶ್ನೆಯೊಂದು ಏಳುತ್ತದೆ. ಸುರಕ್ಷೆಯ ಸೂಚನೆಯು ಓದಲು ಬಾರದ ಭಾಷೆಯಲ್ಲಿದ್ದರೆ ಅದು ಇದ್ದೂ ಇಲ್ಲದಂತೆ. ತುರ್ತು ದಾರಿ ಎಲ್ಲಿ, ಬೆಂಕಿಯಾದರೆ ಏನು ಮಾಡಬೇಕು, ಈ ಕೋಣೆಗೆ ಪ್ರವೇಶವಿಲ್ಲ ಎಂಬ ಫಲಕಗಳು ಶಾಲೆ, ಆಸ್ಪತ್ರೆ, ಕಚೇರಿಗಳಲ್ಲಿ ಕನ್ನಡದಲ್ಲೂ ಇರಬೇಕೆಂದು ಕೇಳುವುದನ್ನು ಕೆಲವರು ಭಾಷಾಭಿಮಾನದ ಹಟವೆಂದು ಬಗೆಯಬಹುದು. ನಮ್ಮ ದೃಷ್ಟಿಯಲ್ಲಿ ಅದು ಜೀವದ ಪ್ರಶ್ನೆ. ಭಾಷಾ ಅಲ್ಪಸಂಖ್ಯಾಕರಾದ ಕನ್ನಡಿಗರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಶಾಸನವೇ ಮಾನ್ಯ ಮಾಡಿತ್ತು. ಮಾಸ್ತರು ಓದಲಾರದ ಸೂಚನೆಯಿಂದ ಮಕ್ಕಳನ್ನು ಅವರು ಹೊರಗೆ ಕರೆತರುವುದು ಹೇಗೆ? ಮಲಯಾಳವೂ ಕನ್ನಡವೂ ಬಾರದೆ, ಬಂಗಾಳ, ಒಡಿಶಾ, ಬಿಹಾರಗಳಿಂದ ಬಂದು ನಮ್ಮ ಕಟ್ಟಡಗಳನ್ನು ಕಟ್ಟುತ್ತಿರುವ ಕಾರ್ಮಿಕರಿಗೂ ಇದೇ ನ್ಯಾಯ ಸಲ್ಲಬೇಕು. ಎಚ್ಚರಿಕೆ ಅವರ ಭಾಷೆಯಲ್ಲೂ ಇರಲಿ.

ಆಗಬೇಕಾದುದೇನು?

ಬ್ರಿಟನ್ನಿನ ದೊಡ್ಡ ವ್ಯವಸ್ಥೆಯನ್ನು ಇಲ್ಲಿಗೆ ಎತ್ತಿ ತರಬೇಕೆಂದು ನಾವು ಹೇಳುತ್ತಿಲ್ಲ. ಸುಲಭವಾಗಿ ಆಗಬಹುದಾದುದು ಇಷ್ಟು. ಪ್ರತಿ ಶಾಲೆ, ಆಸ್ಪತ್ರೆ, ವಸತಿ ಸಮುಚ್ಚಯಕ್ಕೂ ಒಂದು ಕಡತವಿರಲಿ. ಕಟ್ಟಿದಂತೆಯೇ ಬರೆದ ನಕ್ಷೆ, ಬಳಸಿದ ಸಾಮಗ್ರಿ, ಆದ ದುರಸ್ತಿ, ತಪಾಸಣೆಯ ವರದಿ ಅದರಲ್ಲಿರಲಿ. ಅದಕ್ಕೊಬ್ಬ ಹೊಣೆಗಾರನ ಹೆಸರು ಬಾಗಿಲಲ್ಲಿ ಕಾಣಲಿ. ಒಂದು ಪ್ರತಿ ಅಗ್ನಿಶಾಮಕ ಠಾಣೆಯಲ್ಲಿರಲಿ. ಅಪಾಯವೆಂದು ವರದಿಯಾದ ಕಟ್ಟಡದ ಹೆಸರನ್ನು ಪಂಚಾಯತು ಫಲಕದಲ್ಲಿ ಹಚ್ಚಲಿ. ಬಿರುಕು ಕಂಡವನು ದೂರಿದರೆ ಲಿಖಿತ ಉತ್ತರ ಕೊಡುವುದು ಕಡ್ಡಾಯವಾಗಲಿ. ಮನೆ ಕಟ್ಟುವವರಾದರೂ ಪಂಚಾಂಗ ತೋಡಿದ ದಿನ, ಕಬ್ಬಿಣ ಕಟ್ಟಿದ ದಿನ, ಕಾಂಕ್ರೀಟು ಸುರಿಯುವ ಮುನ್ನ ತೆಗೆದ ನಾಲ್ಕು ಚಿತ್ರಗಳನ್ನೂ ಅಳತೆಯ ಒಂದು ಹಾಳೆಯನ್ನೂ ಆಧಾರಪತ್ರದೊಡನೆ ಇಟ್ಟುಕೊಳ್ಳಲಿ. ಇದಕ್ಕೆ ಸರಕಾರದ ಅನುಮತಿ ಬೇಡ, ಖರ್ಚೂ ಇಲ್ಲ.

ಗ್ರೆನ್‌ಫೆಲ್ ಕಡತದಲ್ಲಿ ‘ಮುಂದಿನ ಆವೃತ್ತಿಯಲ್ಲಿ’ ಎಂದು ಬರೆದ ವಾಕ್ಯ 72 ಜನರಿಗೆ ಮುಂದಿನ ಬೆಳಗನ್ನು ಇಲ್ಲವಾಗಿಸಿತು. ನಮ್ಮ ಕಚೇರಿಗಳ ಕಪಾಟುಗಳಲ್ಲಿ ಅಂಥ ಎಷ್ಟು ಅರ್ಧ ವಾಕ್ಯಗಳು ಧೂಳು ತಿನ್ನುತ್ತಿವೆಯೋ, ಹೊಣೆಯುಳ್ಳವರು ಈ ಮಳೆಗಾಲಕ್ಕೆ ಮುನ್ನ ಒಮ್ಮೆ ತೆರೆದು ನೋಡಲಿ.