ದೀಪದ ಕೀಲಿಕೈ ಯಾರ ಬಳಿ?

"ಬಚ್ಚಲುಮನೆಯ ದೀಪ ಆರಿಸಿದ್ದೀಯಾ?" ಎಂಬ ಪ್ರಶ್ನೆ ಕೇಳಿಬರದ ಮನೆ ಇರಲಾರದು. ಬಸ್ಸು ಹತ್ತಿ ಕುಳಿತ ಮೇಲೆ ಗೀಸರ್ ನೆನಪಾಗುವುದು, ಹಾಸಿಗೆ ಸೇರಿದ ಮೇಲೆ ವರಾಂಡದ ಬೆಳಕು ಕಣ್ಣಿಗೆ ಚುಚ್ಚುವುದು ಸಂಸಾರಸ್ಥರ ನಿತ್ಯದ ಅನುಭವ. ಈ ಮರೆವನ್ನೇ ನಂಬಿಕೊಂಡು ಒಂದು ದೊಡ್ಡ ವ್ಯಾಪಾರ ಬೆಳೆದಿದೆ. ಫೋನಿನ ಪರದೆಯ ಮೇಲೆ ಬೆರಳಾಡಿಸಿದರೆ ಸಾಕು, ದೀಪ ಹೊತ್ತುತ್ತದೆ, ಆರುತ್ತದೆ, ಬಣ್ಣ ಬದಲಿಸುತ್ತದೆ, ಫ್ಯಾನು ತಿರುಗುತ್ತದೆ, ಗೀಸರಿನಲ್ಲಿ ನೀರು ಕಾಯುತ್ತದೆ. 2012ರಲ್ಲಿ ಫಿಲಿಪ್ಸ್ ಕಂಪನಿಯ 'ಹ್ಯೂ' ಬಲ್ಬುಗಳು ಬಂದಾಗ ಸಿರಿವಂತರ ಆಟಿಕೆಯಂತೆ ಕಂಡದ್ದು ಈಗ ಸಾಮಾನ್ಯ ಎಲೆಕ್ಟ್ರಿಕಲ್ ಅಂಗಡಿಗೂ ಬಂದಿದೆ. ಹೊಸ ಮನೆ ಕಟ್ಟಿಸುವವರನ್ನು ವೈರಿಂಗ್ ಮಾಡುವವರೇ ಕೇಳುತ್ತಾರೆ: "ಸ್ಮಾರ್ಟ್ ಹಾಕೋಣವೋ, ಸಾದಾ ಸಾಕೋ?"

ಉತ್ತರ ಕೊಡುವ ಮುನ್ನ ಫೋನು ಒತ್ತಿದಾಗ ಏನಾಗುತ್ತದೆಂಬುದನ್ನು ಅರಿತಿರಬೇಕು. ಗೋಡೆಯ ಸ್ವಿಚ್ಚಿನ ಕೆಲಸ ಸರಳವಾದದ್ದು. ತಂತಿಯ ಎರಡು ತುದಿಗಳನ್ನು ಕೂಡಿಸುತ್ತದೆ, ಇಲ್ಲವೇ ಬಿಡಿಸುತ್ತದೆ. ಫೋನಿನ ಆಜ್ಞೆಯ ದಾರಿ ಬೇರೆ. ಮನೆಯೊಳಗೇ ಮುಗಿಯುವ ಏರ್ಪಾಡು ಕೆಲವು ಬಲ್ಬುಗಳಲ್ಲಿ ಇದೆಯಾದರೂ, ಅನೇಕ ಅಗ್ಗದ ವೈಫೈ ಬಲ್ಬುಗಳಲ್ಲಿ ಆಜ್ಞೆಯು ರೂಟರಿನಿಂದ ಹೊರಟು, ಅಂತರಜಾಲದಲ್ಲಿ ಹಾದು, ಕಂಪನಿಯ ಸರ್ವರನ್ನು ಮುಟ್ಟಿ, ಮತ್ತೆ ಅದೇ ರೂಟರಿಗೆ ಮರಳಿ ಬಲ್ಬನ್ನು ಸೇರುತ್ತದೆ. ಆರಡಿ ದೂರದ ದೀಪಕ್ಕೆ ಎಲ್ಲೋ ದೂರದಲ್ಲಿರುವ ಕಂಪ್ಯೂಟರಿನ ಅಪ್ಪಣೆ ಬೇಕು. ಕೊಂಕಣ ಸುತ್ತಿ ಮೈಲಾರಕ್ಕೆ ಬರುವುದೆಂದರೆ ಇದೇ. ಕಣ್ಣು ಮಿಟುಕಿಸುವಷ್ಟರಲ್ಲಿ ಯಾತ್ರೆ ಮುಗಿಯುವುದರಿಂದ ಅದು ಯಾರ ಗಮನಕ್ಕೂ ಬರುವುದಿಲ್ಲ. ದಾರಿಯಲ್ಲಿ ತಡೆಯಾದ ದಿನ ಮಾತ್ರ ಬರುತ್ತದೆ.

ಕರೆಂಟು ಉಳಿಯುತ್ತದೆ ಎಂಬುದು ಮಾರುವವರ ಮೊದಲ ಮಾತು. ಇದನ್ನು ಲೆಕ್ಕ ಹಾಕಿಯೇ ನೋಡಬಹುದು. 60 ವ್ಯಾಟಿನ ಹಳೆಯ ಬಲ್ಬುಗಳ ಕಾಲದಲ್ಲಿ ದೀಪ ಆರಿಸಲು ಮರೆಯುವುದು ದುಬಾರಿಯಾಗಿತ್ತು. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರದ 'ಉಜಾಲಾ' ಯೋಜನೆ ಆರಂಭವಾದ ಮೇಲೆ 9 ವ್ಯಾಟಿನ ಎಲ್ಇಡಿ ಬಲ್ಬು ಮನೆಮನೆಗೂ ಬಂತು. ಒಂದು ಗಂಟೆ ಮರೆತರೆ ಹೋಗುವುದು 9 ವ್ಯಾಟ್-ಗಂಟೆ ಮಾತ್ರ, ಅಂದರೆ ಒಂದು ಯೂನಿಟ್ಟಿನ ನೂರರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಸ್ಮಾರ್ಟ್ ಬಲ್ಬಾದರೋ ಆರಿದ್ದಾಗಲೂ ನಿದ್ದೆ ಮಾಡುವುದಿಲ್ಲ. ಫೋನಿನ ಕರೆಗಾಗಿ ಕಿವಿ ತೆರೆದುಕೊಂಡೇ ಇರುತ್ತದೆ. ಅದಕ್ಕೆ ಅರ್ಧ ವ್ಯಾಟ್ ಬೇಕೆಂದು ಹಿಡಿದರೆ, ದಿನಕ್ಕೆ ಐದು ಗಂಟೆ ಉರಿದು ಹತ್ತೊಂಬತ್ತು ಗಂಟೆ ಆರಿರುವ ಬಲ್ಬು ಬರೀ ಕಾಯುವುದಕ್ಕಾಗಿ ಒಂಬತ್ತೂವರೆ ವ್ಯಾಟ್-ಗಂಟೆ ತಿನ್ನುತ್ತದೆ. ಒಂದು ಗಂಟೆ ದೀಪ ಮರೆತದ್ದಕ್ಕೆ ಅದು ಸಮ. ದಿನವೂ ಒಂದು ಗಂಟೆಗಿಂತ ಹೆಚ್ಚು ಮರೆಯುವವರಿಗಷ್ಟೇ ಲಾಭ!

ಅದೇ ಹಣವನ್ನು ಫ್ಯಾನಿಗೆ ಹಾಕಿದರೆ ಲೆಕ್ಕ ಬೇರೆಯಾಗುತ್ತದೆ. ಸಾಧಾರಣ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ಎಳೆದರೆ, ಬಿಎಲ್‌ಡಿಸಿ ಮೋಟಾರಿನ ಫ್ಯಾನಿಗೆ ಸುಮಾರು 30 ವ್ಯಾಟ್ ಸಾಕು. ರಾತ್ರಿ ಹತ್ತು ಗಂಟೆ ತಿರುಗಿದರೆ ಅರ್ಧ ಯೂನಿಟ್ಟಿನ ಹತ್ತಿರ ಹತ್ತಿರ ಉಳಿತಾಯ. ಅದಕ್ಕೆ ಫೋನೂ ಬೇಡ, ಸರ್ವರೂ ಬೇಡ.

ಎರಡನೆಯ ಮಾತು ಅನುಕೂಲದ್ದು. ಇಲ್ಲಿ ಅತ್ತೆ ಸೊಸೆಯರ ಜಗಳದಂಥದೊಂದು ತೊಡಕಿದೆ. ಬಲ್ಬು ಫೋನಿನ ಮಾತು ಕೇಳಬೇಕಾದರೆ ಗೋಡೆಯ ಸ್ವಿಚ್ಚು ಸದಾ ಆನ್ ಆಗಿಯೇ ಇರಬೇಕು. ನಮ್ಮ ಮನೆಗಳ ಹಿರಿಯರೋ, ಕೋಣೆಯಿಂದ ಹೊರಬರುವಾಗ ಕೈ ತಾನಾಗಿಯೇ ಸ್ವಿಚ್ಚಿನತ್ತ ಹೋಗುವಷ್ಟು ಶಿಸ್ತಿನವರು. ಅಜ್ಜಿ ಟಕ್ಕನೆ ಆರಿಸಿದರೆ ಮೊಮ್ಮಗನ ಫೋನು ಎಷ್ಟು ಗೋಗರೆದರೂ ದೀಪ ಹೊತ್ತದು. ಕರೆಂಟು ಹೋಗಿ ಬರುವ ಊರುಗಳಲ್ಲಿ ಇನ್ನೊಂದು ಫಜೀತಿ. ಮೊದಲೇ ಹೊಂದಿಸಿ ಇಡದಿದ್ದರೆ, ನಡುರಾತ್ರಿ ಕರೆಂಟು ಬಂದೊಡನೆ ಕೆಲವು ಬಲ್ಬುಗಳು ಪೂರ್ತಿ ಬೆಳಕಿನಲ್ಲಿ ಹೊತ್ತಿಕೊಂಡು ಮಲಗಿದವರನ್ನೆಲ್ಲ ಎಬ್ಬಿಸುತ್ತವೆ. ಕೈಗೆಟುಕುವ ಸ್ವಿಚ್ಚು ಬಿಟ್ಟು ಫೋನು ಹುಡುಕಿ, ಬೀಗ ತೆಗೆದು, ಆಪ್ ತೆರೆಯುವುದು ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದಂತೆ.

ಹಾಗಾದರೆ ಇದೆಲ್ಲ ಬರೀ ಶೋಕಿಯೇ? ಅಲ್ಲ. ಕೈಗೂ ಸ್ವಿಚ್ಚಿಗೂ ನಡುವಿನ ದೂರ ನಿಜವಾಗಿಯೂ ಕಷ್ಟದ್ದಾದ ಕಡೆ ಇದು ವರವೇ ಸರಿ. ಅದನ್ನು ಮೊದಲು ಕಂಡುಕೊಂಡವರಲ್ಲಿ ನಮ್ಮ ರೈತರೂ ಸೇರಿದ್ದಾರೆ. ಹೊಲದ ಪಂಪಿಗೆ ತ್ರೀ ಫೇಸ್ ಕರೆಂಟು ನಡುರಾತ್ರಿ ಬಂದರೆ ಟಾರ್ಚು ಹಿಡಿದು, ಹಾವು ಹುಳುಗಳಿಗೆ ಅಂಜುತ್ತ ಬದುವಿನ ಮೇಲೆ ನಡೆದು ಹೋಗಿ ಸ್ಟಾರ್ಟರ್ ಒತ್ತಬೇಕು. ಹೋಗಿ ನೋಡಿದರೆ ಕರೆಂಟು ಮತ್ತೆ ಹೋಗಿರುತ್ತದೆ. ಪುಣೆಯ ಇಂಜಿನಿಯರ್ ಸಂತೋಷ್ ಓಸ್ತ್ವಾಲ್ ಇದಕ್ಕಾಗಿ ರೂಪಿಸಿದ 'ನ್ಯಾನೋ ಗಣೇಶ್' ಎಂಬ ಸಾಧನ, ಹ್ಯೂ ಬಲ್ಬು ಹುಟ್ಟುವ ಮೊದಲೇ, 2000ರ ದಶಕದಲ್ಲೇ, ಸಾದಾ ಮೊಬೈಲಿನಿಂದ ಪಂಪು ನಡೆಸುವುದನ್ನು ಸಾಧ್ಯವಾಗಿಸಿತು. ಪಂಪಿನ ಬಳಿ ಕರೆಂಟು ಇದೆಯೇ ಎಂದು ತಿಳಿದುಕೊಂಡು ಮನೆಯಿಂದಲೇ ಮೋಟಾರ್ ಚಾಲೂ ಮಾಡಬಹುದು. ಇಂಥ ಮೊಬೈಲ್ ಸ್ಟಾರ್ಟರುಗಳು ಕರ್ನಾಟಕದ ತೋಟಗಳಲ್ಲೂ ಇವೆ. ಅಲ್ಲಿ ಬಣ್ಣದ ಬೆಳಕಿನ ಸೊಗಸಿಲ್ಲ, ಉಳಿಯುವುದು ಒಬ್ಬ ಮನುಷ್ಯನ ರಾತ್ರಿಯ ನಿದ್ದೆ, ಕೆಲವೊಮ್ಮೆ ಪ್ರಾಣ.

ಮನೆಯೊಳಗೂ ಇಂಥ ದೂರಗಳಿವೆ. ಪಾರ್ಶ್ವವಾಯುವಿನಿಂದ ಮಲಗಿದವರಿಗೆ, ಗಾಲಿಕುರ್ಚಿಯಲ್ಲಿರುವವರಿಗೆ, ಮಂಡಿನೋವಿನಿಂದ ಏಳಲಾರದವರಿಗೆ ನಾಲ್ಕು ಹೆಜ್ಜೆಯೂ ನಾಲ್ಕು ಮೈಲಿಯೇ. ಪ್ರತಿಸಲವೂ ಇನ್ನೊಬ್ಬರನ್ನು ಕೂಗಿ ಕರೆಯದೆ ತಾನೇ ದೀಪ ಹಾಕಿಕೊಳ್ಳುವುದರಲ್ಲಿ ಇರುವ ನೆಮ್ಮದಿಗೆ ಬೆಲೆ ಕಟ್ಟಲಾಗದು. ಅಲ್ಲಿಯೂ ಹಾಸಿಗೆಯ ಪಕ್ಕ ಒಂದು ಟೂ ವೇ ಸ್ವಿಚ್ಚು ಹಾಕಿಸಿದರೆ ಸಾಕೇ ಎಂದು ಮೊದಲು ಯೋಚಿಸಬೇಕು. ಮೆಟ್ಟಿಲಿನ ದೀಪಕ್ಕೆ ನೂರು ವರ್ಷಗಳಿಂದ ಬಳಕೆಯಲ್ಲಿರುವ ಈ ಉಪಾಯಕ್ಕೆ ಪಾಸ್‌ವರ್ಡ್ ಬೇಕಿಲ್ಲ. ಗೀಸರ್ ವಿಷಯದಲ್ಲಿ, ಅದರ ವ್ಯಾಟೇಜನ್ನು ತಾಳಬಲ್ಲ 16 ಆಂಪಿಯರಿನ ಸ್ಮಾರ್ಟ್ ಪ್ಲಗ್ಗಿಗೆ ಅರ್ಥವಿದೆ. 2000 ವ್ಯಾಟಿನ ಸಾಧನ ಹದಿನೈದು ನಿಮಿಷ ಕಾದರೆ ಅರ್ಧ ಯೂನಿಟ್. ತಾನೇ ಆರುವ ಟೈಮರ್ ಇದ್ದರೆ ಬಸ್ಸಿನಲ್ಲಿ ಕುಳಿತವರ ಎದೆ ಹೊಡೆದುಕೊಳ್ಳುವುದು ತಪ್ಪುತ್ತದೆ. ಓವರ್‌ಹೆಡ್ ಟ್ಯಾಂಕ್ ತುಂಬಿ ಹರಿಯುವುದನ್ನು ತಡೆಯಲು ಮಾತ್ರ ಫೋನೇ ಬೇಡ. ನೀರಿನ ಮಟ್ಟ ನೋಡಿ ಮೋಟಾರ್ ನಿಲ್ಲಿಸುವ ಸಾದಾ ಕಂಟ್ರೋಲರ್ ಆ ಕೆಲಸ ಚೆನ್ನಾಗಿಯೇ ಮಾಡುತ್ತದೆ.

ಕೊಳ್ಳುವವರು ಕೇಳಲು ಮರೆಯುವ ಪ್ರಶ್ನೆ ಒಂದಿದೆ: ಕಂಪನಿ ಬಾಗಿಲು ಹಾಕಿದರೆ ದೀಪದ ಗತಿ ಏನು? ಅಮೆರಿಕದಲ್ಲಿ 300 ಡಾಲರಿಗೆ ಮಾರಾಟವಾಗಿದ್ದ 'ರಿವಾಲ್ವ್' ಎಂಬ ಸಾಧನವನ್ನು, ಆ ಕಂಪನಿಯನ್ನು ಕೊಂಡಿದ್ದ ನೆಸ್ಟ್, 2016ರ ಮೇ ತಿಂಗಳಲ್ಲಿ ಸರ್ವರ್ ನಿಲ್ಲಿಸಿ ನಿರುಪಯೋಗಿಯಾಗಿಸಿತು. 2022ರ ಏಪ್ರಿಲಿನಲ್ಲಿ 'ಇನ್‌ಸ್ಟಿಯಾನ್' ಕಂಪನಿಯ ಸರ್ವರುಗಳು ಮುನ್ಸೂಚನೆಯಿಲ್ಲದೆ ಸ್ತಬ್ಧವಾದವು. ಗ್ರಾಹಕರ ಆಪ್ ಸತ್ತಿತು, ಗೋಡೆಯ ಗುಂಡಿಗಳು ಮಾತ್ರ ಎಂದಿನಂತೆ ದೀಪ ಹೊತ್ತಿಸುತ್ತಲೇ ಇದ್ದವು. ಕಡೆಗೆ ಬಳಕೆದಾರರ ಗುಂಪೊಂದು ಕಂಪನಿಯನ್ನೇ ಕೊಂಡು ಸರ್ವರನ್ನು ಎಬ್ಬಿಸಬೇಕಾಯಿತು. ದೊಡ್ಡ ಕಂಪನಿಯಾದರೂ ಅಭಯವಿಲ್ಲ. 2025ರ ಅಕ್ಟೋಬರ್ 20ರಂದು ಅಮೆಜಾನ್ ಸರ್ವರುಗಳಲ್ಲಿ ತೊಡಕಾದಾಗ ಅಲೆಕ್ಸಾವನ್ನು ನಂಬಿದ್ದ ಎಷ್ಟೋ ಮನೆಗಳಲ್ಲಿ ಆಜ್ಞೆಗೆ ಓಗೊಡುವವರೇ ಇರಲಿಲ್ಲ.

ಇದಕ್ಕಿಂತ ಗಂಭೀರವಾದದ್ದು ಮನೆಯೊಳಗಿನ ಅಧಿಕಾರದ ಮಾತು. ಗೋಡೆಯ ಸ್ವಿಚ್ಚು ಯಾರಿಗೂ ಭೇದ ಮಾಡುವುದಿಲ್ಲ. ಆಪ್ ಹಾಗಲ್ಲ, ಅದಕ್ಕೊಬ್ಬ ಯಜಮಾನ ಬೇಕು. ಸಾಮಾನ್ಯವಾಗಿ ಅದನ್ನು ಹಾಕಿಸಿದವರೇ ಯಜಮಾನರು, ಪಾಸ್‌ವರ್ಡ್ ಅವರದೇ. ಅಂಥವರು ಊರಿನಾಚೆಯಿಂದಲೂ ದೀಪ ಆರಿಸಬಲ್ಲರು, ಬಾಗಿಲ ಬೀಗ ಬದಲಿಸಬಲ್ಲರು, ಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ಎದ್ದರೆಂದು ತಿಳಿಯಬಲ್ಲರು. 2018ರ ಜೂನಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ, ಅಮೆರಿಕದಲ್ಲಿ ಇಂಥ ದೀಪ, ಬೀಗ, ಕ್ಯಾಮೆರಾಗಳು ಹೆಂಡತಿಯರನ್ನೂ ಸಂಗಾತಿಗಳನ್ನೂ ಹೆದರಿಸಿ ಹಿಡಿತದಲ್ಲಿಡುವ ಸಾಧನಗಳಾಗುತ್ತಿರುವುದನ್ನು ವಿವರವಾಗಿ ವರದಿ ಮಾಡಿತು. ಎಲ್ಲ ಮನೆಯಲ್ಲೂ ಹೀಗಾಗುತ್ತದೆಂದಲ್ಲ. ಆದರೆ ಮನೆಯವರೆಲ್ಲರೂ ಬಳಸುವ ದೀಪದ ಹತೋಟಿ ಒಬ್ಬರದೇ ಜೇಬಿಗೆ ಸೇರುವುದು ಸಣ್ಣ ಬದಲಾವಣೆಯೇನಲ್ಲ.

ಕೊಳ್ಳಲೇಬೇಕೆನ್ನುವವರು ಬಲ್ಬಿನ ಬದಲು ಸ್ವಿಚ್‌ಬೋರ್ಡಿನ ಹಿಂದೆ ಕೂರಿಸುವ ರಿಲೇಯನ್ನು ಆರಿಸಿಕೊಳ್ಳುವುದು ಲೇಸು. ಅದರಲ್ಲಿ ಫೋನೂ ನಡೆಯುತ್ತದೆ, ಅಜ್ಜಿಯ ಬೆರಳೂ ನಡೆಯುತ್ತದೆ. ಅನೇಕ ರಿಲೇಗಳಿಗೆ ನ್ಯೂಟ್ರಲ್ ತಂತಿ ಬೇಕಾಗುವುದರಿಂದ ಹೊಸ ಮನೆಯವರು ಪ್ರತಿ ಬೋರ್ಡಿಗೂ ಅದನ್ನು ಎಳೆಸಿಡಬೇಕು. ಈ ಕೆಲಸ ಬಲ್ಲ ಎಲೆಕ್ಟ್ರಿಷಿಯನ್‌ರದು, ಸ್ವಂತ ಪ್ರಯೋಗಕ್ಕೆ ತಕ್ಕದ್ದಲ್ಲ. ಬೇರೆ ಬೇರೆ ಕಂಪನಿಗಳ ಸಾಧನಗಳು ಮನೆಯೊಳಗೇ ಪರಸ್ಪರ ಮಾತಾಡಲೆಂದು 2022ರಲ್ಲಿ ಬಂದ 'ಮ್ಯಾಟರ್' ಎಂಬ ಪ್ರಮಾಣಕದ ಗುರುತು ಇದ್ದರೆ ಇನ್ನೂ ಒಳ್ಳೆಯದು. ಪಾಸ್‌ವರ್ಡ್ ಮನೆಯ ಒಬ್ಬರಿಗಿಂತ ಹೆಚ್ಚು ಜನರಿಗೆ ತಿಳಿದಿರಲಿ.

ಅಂಗಡಿಯಲ್ಲಿ ದುಡ್ಡು ಎಣಿಸುವ ಮುನ್ನ ಒಂದು ಪರೀಕ್ಷೆ ಮಾಡಬಹುದು. ಇಂಟರ್ನೆಟ್ ಕಿತ್ತುಹಾಕಿ, ಫೋನು ಜೇಬಿನಲ್ಲಿಟ್ಟು, ದೀಪ ಹೊತ್ತಿಸಿ ಆರಿಸಿ ತೋರಿಸುವಂತೆ ಹೇಳಬೇಕು. ಅಂಗಡಿಯವರು ತೋರಿಸಿದರೆ ಆ ಸರಕನ್ನು ಕೊಳ್ಳುವ ಯೋಚನೆ ಮಾಡಬಹುದು. ತಡವರಿಸಿದರೆ ಸಾದಾ ಬಲ್ಬು ಕೊಂಡು, ಉಳಿದ ಹಣಕ್ಕೆ ಒಂದು ಒಳ್ಳೆಯ ಫ್ಯಾನು ನೋಡುವುದು ಜಾಣತನ.