ಹೈಬ್ರಿಡ್ ಕಾರು ಕೊಂಡರೆ ಪೆಟ್ರೋಲ್ ಖರ್ಚು ಅರ್ಧಕ್ಕೆ ಇಳಿಯುತ್ತದೆಯೇ?

“ಹೈಬ್ರಿಡ್ ಕಾರು ತಗೊಳ್ಳಿ, ಪೆಟ್ರೋಲ್ ಖರ್ಚು ಅರ್ಧ” ಎಂಬ ಮಾತು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತದೆ. ಇದು ಎಷ್ಟು ನಿಜ? ಹೂಡಿಯ ಟ್ರಾಫಿಕ್‌ನಲ್ಲೇ ಇಟ್ಟು ನೋಡೋಣ.

ಸಂಜೆ ಹೂಡಿ ಸರ್ಕಲ್‌ನಿಂದ ಹೊರಟರೆ ಕಾರು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಸಾಮಾನ್ಯ ಕಾರಿನಲ್ಲಿ ಬ್ರೇಕ್ ಒತ್ತಿದಾಗ ವೇಗದ ಶಕ್ತಿಯೆಲ್ಲ ಬಿಸಿಯಾಗಿ ವ್ಯರ್ಥವಾಗುತ್ತದೆ. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಅದರ ಒಂದು ಪಾಲು ವಿದ್ಯುತ್ತಾಗಿ ಬ್ಯಾಟರಿ ಸೇರುತ್ತದೆ. ನಿಧಾನವಾಗಿ ಸಾಗುವಾಗ ಎಂಜಿನ್ ಆಫ್ ಆಗಿ ಮೋಟಾರೇ ಕಾರನ್ನು ಎಳೆಯಬಲ್ಲದು. ಹಾಗಾಗಿ ಟ್ರಾಫಿಕ್‌ನಲ್ಲಿ ಉಳಿತಾಯ ಹೆಚ್ಚು. ಕೋಲಾರದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋದರೆ ಬ್ರೇಕ್ ಕಡಿಮೆ, ಲಾಭವೂ ಕಡಿಮೆ.

ಇಲ್ಲೊಂದು ಎಚ್ಚರಿಕೆ. ‘ಹೈಬ್ರಿಡ್’ ಎಂದು ಬರೆದಿರುವ ಕಾರುಗಳೆಲ್ಲ ಒಂದೇ ಅಲ್ಲ. ‘ಮೈಲ್ಡ್ ಹೈಬ್ರಿಡ್’ನ ಚಿಕ್ಕ ಮೋಟಾರ್ ಎಂಜಿನ್‌ಗೆ ಕೈಜೋಡಿಸುತ್ತದೆ ಅಷ್ಟೇ. ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈರೈಡರ್ 2022ರಲ್ಲಿ ಬಂದಾಗ, ಅದರ ಸ್ಟ್ರಾಂಗ್ ಹೈಬ್ರಿಡ್‌ಗೆ ಪರೀಕ್ಷೆಯಲ್ಲಿ ಸಿಕ್ಕ ಮೈಲೇಜ್ ಲೀಟರಿಗೆ 27.97 ಕಿ.ಮೀ.; ಮೈಲ್ಡ್ ಹೈಬ್ರಿಡ್ ಮ್ಯಾನುಯಲ್‌ಗೆ ಸುಮಾರು 21. ಅಂದರೆ ಪೆಟ್ರೋಲ್ ಉಳಿದದ್ದು ಕಾಲು ಭಾಗ, ಅರ್ಧವಲ್ಲ. ರಸ್ತೆಯಲ್ಲಿ ಎರಡೂ ಸಂಖ್ಯೆಗಳು ಇಳಿಯುತ್ತವೆ.

ಈಗ ಹಣದ ಲೆಕ್ಕ. ವರ್ಷಕ್ಕೆ 12,000 ಕಿ.ಮೀ. ಓಡಿಸುತ್ತೀರಿ, ನಗರದಲ್ಲಿ ಮಾಮೂಲಿ ಕಾರು 14, ಹೈಬ್ರಿಡ್ 21 ಕಿ.ಮೀ. ಕೊಡುತ್ತದೆ ಎಂದುಕೊಳ್ಳಿ. ಉಳಿಯುವುದು ಸುಮಾರು 286 ಲೀಟರ್. ಲೀಟರಿಗೆ 100 ರೂಪಾಯಿಯಂತೆ 28,600 ರೂಪಾಯಿ. ಕಾರಿಗೆ 3 ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ವಾಪಸ್ ಬರಲು 10 ವರ್ಷ ದಾಟುತ್ತದೆ. ಅದರ ದುಪ್ಪಟ್ಟು ಓಡಿಸುವವರಿಗೆ 5 ವರ್ಷಕ್ಕಿಂತ ತುಸು ಹೆಚ್ಚು ಸಾಕು.

“ಚಾರ್ಜಿಂಗ್ ಪಾಯಿಂಟ್ ಬೇಕು” ಎಂಬುದು ಈ ಕಾರುಗಳ ಮಟ್ಟಿಗೆ ತಪ್ಪು. ಬ್ಯಾಟರಿ ಓಡಾಟದಲ್ಲೇ ತುಂಬಿಕೊಳ್ಳುತ್ತದೆ. ಪಾರ್ಕಿಂಗ್‌ನಲ್ಲಿ ಪ್ಲಗ್ ಹಾಕಲು ಅವಕಾಶವಿಲ್ಲದ ಅಪಾರ್ಟ್‌ಮೆಂಟ್‌ನವರಿಗೆ ಇದು ಅನುಕೂಲ. “ಮೂರೇ ವರ್ಷಕ್ಕೆ ಬ್ಯಾಟರಿ ಹೋಗುತ್ತದೆ” ಎಂಬ ಭಯವೂ ಬೇಡ: ಹೈರೈಡರ್‌ನ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇದೆ. ಆದರೆ ಬ್ಯಾಟರಿ ಡಿಕ್ಕಿಯ ಜಾಗವನ್ನು ತಿನ್ನುತ್ತದೆ. ಊರಿಗೆ ಲಗೇಜ್ ತುಂಬಿಕೊಂಡು ಹೋಗುವವರು ಶೋರೂಮ್‌ನಲ್ಲೇ ಡಿಕ್ಕಿ ತೆರೆಸಿ ನೋಡಿ.

ಒಟ್ಟಿನಲ್ಲಿ, ದಿನವೂ ಟ್ರಾಫಿಕ್‌ನಲ್ಲಿ ಬಹಳ ದೂರ ಓಡಿಸುವವರಿಗೆ ಸ್ಟ್ರಾಂಗ್ ಹೈಬ್ರಿಡ್ ಲಾಭ. ಆಫೀಸಿಗೆ ಮೆಟ್ರೋದಲ್ಲಿ ಹೋಗಿ, ಭಾನುವಾರ ಮಾತ್ರ ಕಾರು ತೆಗೆಯುವವರಿಗೆ ಅಲ್ಲ. ಮೆಸೇಜ್ ಫಾರ್ವರ್ಡ್ ಮಾಡುವ ಮೊದಲು ನಿಮ್ಮ ಕಾರು ವರ್ಷಕ್ಕೆ ಎಷ್ಟು ಕಿ.ಮೀ. ಓಡುತ್ತದೆ ಎಂದು ನೋಡಿಕೊಳ್ಳಿ.