ಖಾಲಿ ಕೈಲಿ ಹೋಗಿ, ತುಂಬಿಕೊಂಡು ಬನ್ನಿ



ಮಧ್ಯಾಹ್ನದ ಊಟ ಮುಗಿದು ಪಾತ್ರೆ ತೊಳೆದಿಟ್ಟ ಮೇಲೆ ಸಿಗುವ ಒಂದೆರಡು ಗಂಟೆಯನ್ನು ಕಂಪ್ಯೂಟರಿನ ಮುಂದೆ ಕಳೆಯುವವರು ಈಗ ನಮ್ಮಂಥ ಸಣ್ಣ ಊರುಗಳಲ್ಲೂ ಇದ್ದೀರಿ. ಮಕ್ಕಳ ಪಕ್ಕ ಕೂತು ಕಲಿತವರೇ ಹೆಚ್ಚು. ನಾನೂ ಹಾಗೆಯೇ, ಮಗಳಿಂದ ಕಲಿತದ್ದು. ‘ಈವ್ ಆನ್‌ಲೈನ್’ ಎಂಬ ಆಕಾಶದ ಆಟದ ಬಗ್ಗೆ ಕೆಲವರು ಕೇಳಿದ್ದೀರಿ: “ಹತ್ತಿರದಲ್ಲೇ ಸುತ್ತಿದರೆ ಏನೂ ಸಿಗೋಲ್ಲ ಅಕ್ಕ, ದೂರ ಹೋದರೆ ಯಾರೋ ಬಂದು ಹಡಗನ್ನೇ ಒಡೆದು ಹಾಕ್ತಾರೆ. ಏನು ಮಾಡೋದು?” ಈ ಸಲ ಅದನ್ನೇ ಮಾತಾಡೋಣ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಐಸ್‌ಲ್ಯಾಂಡ್ ದೇಶದ ಸಿಸಿಪಿ ಕಂಪನಿಯವರು 2003ರಲ್ಲಿ ಆರಂಭಿಸಿದ ಆಟ. ಏಳು ಸಾವಿರಕ್ಕೂ ಹೆಚ್ಚು ನಕ್ಷತ್ರ ಮಂಡಲಗಳಿವೆ. ಚೀನಾದವರ ಆಟ ಬೇರೆ. ಮಿಕ್ಕ ದೇಶಗಳವರೆಲ್ಲ ಒಂದೇ ಆಕಾಶದಲ್ಲಿ ಓಡಾಡುತ್ತಾರೆ. ನಿಮ್ಮನ್ನು ಬೇಟೆಯಾಡಲು ಬರುವ ಹಡಗಿನೊಳಗೆ ಇರುವುದು ಯಂತ್ರವಲ್ಲ, ಎಲ್ಲೋ ಒಂದು ಮನೆಯಲ್ಲಿ ನಮ್ಮ ಹಾಗೇ ಕೂತಿರುವ ಮನುಷ್ಯ. ಹಡಗು ಒಡೆಯಿತೋ, ಹೋಯಿತು. ಒಳಗಿನ ಸಾಮಾನು ಹೆಚ್ಚು ಕಡಿಮೆ ಅರ್ಧ ಸುಟ್ಟು ಹೋಗುತ್ತೆ, ಉಳಿದರ್ಧ ಒಡೆದವನ ಪಾಲು.

ಪ್ರತಿ ಮಂಡಲಕ್ಕೂ ಒಂದು ಅಂಕಿ ಕೊಟ್ಟಿರುತ್ತಾರೆ. 1.0ಯಿಂದ 0.5ರ ತನಕ ‘ಕಾಂಕಾರ್ಡ್’ ಎಂಬ ಪೊಲೀಸರ ಕಾವಲು. ಆದರೆ ಒಂದು ತಿಳಿದಿರಿ: ಅವರು ಹೊಡೆತವನ್ನು ತಡೆಯುವವರಲ್ಲ, ಹೊಡೆದವನನ್ನು ಆಮೇಲೆ ಶಿಕ್ಷಿಸುವವರು. 0.4ರಿಂದ 0.1ರವರೆಗೆ ಗೇಟುಗಳ ಹತ್ತಿರ ಕಾವಲು ಫಿರಂಗಿ ಉಂಟು, ಪೊಲೀಸರಿಲ್ಲ. 0.0 ಅಂದರೆ ಕೇಳುವವರೇ ಇಲ್ಲ. ಅಲ್ಲಿನ ಬಹಳಷ್ಟು ಭಾಗ ಆಟಗಾರರ ದೊಡ್ಡ ದೊಡ್ಡ ಕೂಟಗಳ ಕೈಯಲ್ಲಿದೆ, ಪರಕೀಯರನ್ನು ಕಂಡರೆ ಗುಂಡು. 2014ರ ಜನವರಿಯಲ್ಲಿ ಒಂದು ಮಂಡಲದ ಒಡೆತನದ ಬಾಕಿ ಕಟ್ಟದೆ ಉಳಿದು, ಅದೇ ನೆಪವಾಗಿ ಸುಮಾರು ಇಪ್ಪತ್ತೊಂದು ಗಂಟೆ ಯುದ್ಧವೇ ನಡೆಯಿತು. ಸುಟ್ಟ ಹಡಗುಗಳ ಬೆಲೆಯನ್ನು ನಿಜವಾದ ದುಡ್ಡಿಗೆ ಹಾಕಿ ಮೂರು ಲಕ್ಷ ಡಾಲರ್ ಅಂತ ಅಂದಾಜು ಮಾಡಿದರು. ಕರೆಂಟ್ ಬಿಲ್ಲು ಕಟ್ಟೋ ಕೊನೇ ದಿನ ನೆನಪಿಡುವ ಹೆಂಗಸು ಒಬ್ಬಳು ಆ ಕೂಟದಲ್ಲಿ ಇರಬೇಕಿತ್ತು ಅಂತ ನನಗನ್ನಿಸಿತು.

ಹಾಗಿದ್ದರೆ ಅಲ್ಲಿಗೆ ಹೋಗುವುದೇಕೆ? ಒಳ್ಳೆಯ ಪಳೆಯುಳಿಕೆ ಪೆಟ್ಟಿಗೆಗಳು ಸಿಗೋದೇ ಅಲ್ಲಿ. ಅವನ್ನು ತೆರೆದು ತಂದು ಮಾರಿದರೆ ಒಂದೇ ಮಧ್ಯಾಹ್ನದಲ್ಲಿ ಹತ್ತಾರು ಹಡಗಿನ ಬೆಲೆ ಕೈಸೇರಬಹುದು.

ಮೊದಲ ಮಾತು ಹಡಗಿನದು. ಜಾತ್ರೆಯ ನೂಕುನುಗ್ಗಲಿಗೆ ಯಾರಾದರೂ ಕಾಸಿನ ಸರ ಹಾಕಿಕೊಂಡು ಹೋಗುತ್ತಾರೆಯೇ? ಹೆರಾನ್, ಇಮಿಕಸ್, ಮ್ಯಾಗ್ನೇಟ್‌ನಂಥ ಅಗ್ಗದ ಪುಟ್ಟ ಹಡಗು ಸಾಕು. ‘ಆಸ್ಟೆರೋ’ ಚೆಂದ, ಒಪ್ಪುತ್ತೇನೆ, ಆದರೆ ದುಬಾರಿ. ತಲೆಯೊಳಗೆ ಬೆಲೆಬಾಳುವ ಇಂಪ್ಲಾಂಟ್ ಇದ್ದರೆ ಬೇರೆ ದೇಹಕ್ಕೆ ಬದಲಾಯಿಸಿಕೊಂಡು ಹೊರಡಿ. ಪ್ರಾಣ ಹೋದರೆ ಅವೂ ಹೋಗುತ್ತವೆ. ಬಂದೂಕು ಕಟ್ಟಿಕೊಂಡು ಪ್ರಯೋಜನವಿಲ್ಲ, ಈ ಹಡಗುಗಳಿಗೆ ಓಟವೇ ಬಲ. ಪೆಟ್ಟಿಗೆ ತೆರೆಯುವ ಸಲಕರಣೆ, ಪ್ರೋಬ್ ಹಾರಿಸುವ ಯಂತ್ರ, ಮರೆಯಾಗುವ ಕ್ಲೋಕ್, ಇಷ್ಟಿದ್ದರೆ ಆಯಿತು.

ಗೇಟು ದಾಟಿದ ಕೂಡಲೇ ಮುಂದೆ ಓಡುವವರೇ ಹೆಚ್ಚು ಸಾಯೋದು. ದಾಟಿದ ಮೇಲೆ ಅರವತ್ತು ಸೆಕೆಂಡು ನೀವು ಯಾರಿಗೂ ಕಾಣುವುದಿಲ್ಲ, ನೀವಾಗಿ ಅಲುಗಾಡದಿದ್ದರೆ. ಆ ಒಂದು ನಿಮಿಷ ಇರುವುದೇ ನೋಡುವುದಕ್ಕೆ. ಸುತ್ತ ಯಾರಿದ್ದಾರೆ, ‘ಲೋಕಲ್’ ಪಟ್ಟಿಯಲ್ಲಿ ಎಷ್ಟು ಹೆಸರಿದೆ ಅಂತ ಓದಿ. ಇನ್ನೊಂದು ಉಪಾಯ: 0.0ದಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ನೇರ ಗೆರೆ ಹಿಡಿದು ಹೋಗಲೇಬೇಡಿ. ಆ ಗೆರೆಯ ಮೇಲೆ ‘ಬಬಲ್’ ಎಂಬ ಬಲೆ ಹರಡಿ ಕಾಯುತ್ತಾರೆ. ಮೊದಲು ಪಕ್ಕದ ಯಾವುದಾದರೂ ಗ್ರಹಕ್ಕೆ ಹೋಗಿ, ಅಲ್ಲಿಂದ ಗೇಟಿಗೆ ಬನ್ನಿ. ಸುತ್ತು ದಾರಿಯಾದರೂ ಚಿಂತೆಯಿಲ್ಲ. ಹಾಗೆ ಹೋಗುವಾಗ ನಡುದಾರಿಯಲ್ಲಿ ಎಲ್ಲಾದರೂ ಒಂದು ಬುಕ್‌ಮಾರ್ಕ್ ಒತ್ತಿ. ಗ್ರಹವೂ ಅಲ್ಲದ, ಗೇಟೂ ಅಲ್ಲದ ಆ ಖಾಲಿ ಜಾಗವೇ ನಿಮ್ಮ ಅಡಗುತಾಣ. ಪೆಟ್ಟಿಗೆ ಹುಡುಕುವ ಮುಂಚೆಯೇ ಅದನ್ನು ಮಾಡಿಕೊಂಡಿರಬೇಕು.

ಇನ್ನು ಪೆಟ್ಟಿಗೆ ತೆರೆಯುವ ಹೊತ್ತು. ಅಪಾಯವೆಲ್ಲ ಇಲ್ಲೇ. ತೆರೆಯುವಾಗ ಕ್ಲೋಕ್ ಹಾಕಲು ಬರುವುದಿಲ್ಲ. ಯಾವುದೇ ವಸ್ತುವಿಗೆ ಎರಡು ಸಾವಿರ ಮೀಟರಿಗಿಂತ ಹತ್ತಿರವಿದ್ದರೂ ಅದು ಕೆಲಸ ಮಾಡೋಲ್ಲ. ಆಗ ಕಾಯುವುದು ಡಿ-ಸ್ಕ್ಯಾನ್ ಗುಂಡಿ. ಸೂರ್ಯನಿಂದ ಭೂಮಿಗೆ ಇರುವ ದೂರದ 14.3 ಪಟ್ಟು ದೂರದವರೆಗೆ ಯಾವ ಹಡಗಿದೆ, ಯಾವ ಪ್ರೋಬ್ ಇದೆ ಎಂದು ತೋರಿಸುತ್ತದೆ. ಸಾಸಿವೆ ಹಾಕಿದ ಒಗ್ಗರಣೆ ಬಿಟ್ಟು ಆಚೆ ತಿರುಗುತ್ತೀವೇನ್ರಿ? ಹಾಗೆ, ಕೆಲವು ಸೆಕೆಂಡಿಗೊಮ್ಮೆ ಒತ್ತುತ್ತಲೇ ಇರಬೇಕು. ‘ಕೋರ್’ ಪ್ರೋಬ್ ಕಂಡರೆ ನಿಮ್ಮ ಹಾಗೇ ಯಾರೋ ಪೆಟ್ಟಿಗೆ ಹುಡುಕುತ್ತಿದ್ದಾರೆ ಎಂದರ್ಥ. ‘ಕಾಂಬ್ಯಾಟ್’ ಪ್ರೋಬ್ ಕಂಡರೆ ಹುಡುಕುತ್ತಿರುವುದು ಹಡಗನ್ನು. ಹೋದ ತಿಂಗಳು ಎರಡು ಪೆಟ್ಟಿಗೆ ತೆರೆದಿದ್ದೆ, ಮೂರು ಬಾಕಿ. ಕಾಂಬ್ಯಾಟ್ ಪ್ರೋಬ್ ಕಂಡಿತು, ಹೊರಟುಬಿಟ್ಟೆ. “ಇನ್ನೂ ಮೂರು ಇತ್ತಲ್ಲಮ್ಮ!” ಅಂತ ಮಗಳು ಗೊಣಗಿದಳು. “ಇರಲಿ ಬಿಡೆ” ಅಂದೆ. ನಾನು ಅಡಗುತಾಣ ಸೇರಿ ಮತ್ತೆ ಗುಂಡಿ ಒತ್ತುವಷ್ಟರಲ್ಲಿ ಪೆಟ್ಟಿಗೆಯಿದ್ದ ದಿಕ್ಕಿನಲ್ಲಿ ಒಂದು ಯುದ್ಧದ ಹಡಗು ಬಂದು ನಿಂತಿತ್ತು.

ಆದರೆ ಕ್ಲೋಕ್ ಹಾಕಿಕೊಂಡವನು ಡಿ-ಸ್ಕ್ಯಾನಿಗೂ ಕಾಣೋಲ್ಲ. ಲೋಕಲ್ ಪಟ್ಟಿಯಲ್ಲಿ ಹೆಸರಿದ್ದು ಡಿ-ಸ್ಕ್ಯಾನಲ್ಲಿ ಹಡಗಿಲ್ಲ ಅಂದರೆ ಅನುಮಾನ ಇರಲಿ. 2009ರಲ್ಲಿ ಬಂದ ವರ್ಮ್‌ಹೋಲ್ ಪ್ರದೇಶದಲ್ಲಂತೂ ಯಾರಾದರೂ ಮಾತಾಡುವ ತನಕ ಆ ಪಟ್ಟಿಯಲ್ಲಿ ಹೆಸರೇ ಬರದು. ಹೊಸಬರು ಅಲ್ಲಿಗೆ ಆತುರಪಡಬೇಡಿ. ಹೋಗುವುದೇ ಆದರೆ ಬಾಗಿಲ ಮಾಹಿತಿ ಓದಿ. ಆಯಸ್ಸು ಮುಗಿಯುತ್ತಾ ಬಂದಿದೆ ಅಂತ ಬರೆದಿದ್ದರೆ ಒಳಗೆ ಕಾಲಿಡಬೇಡಿ. ಒಳಗೆ ಹೋದ ತಕ್ಷಣ ಆ ಬಾಗಿಲನ್ನು ಬುಕ್‌ಮಾರ್ಕ್ ಮಾಡಿ. ಅದು ಮುಚ್ಚಿಹೋದರೆ ಬೇರೆ ಬಾಗಿಲು ಹುಡುಕಲು ಪ್ರೋಬ್ ಬೇಕೇ ಬೇಕು. ‘ಅನ್‌ಸೆಕ್ಯೂರ್ಡ್’, ‘ಫರ್ಗಾಟನ್’ ಎಂಬ ಹೆಸರಿನ ತಾಣಗಳಲ್ಲಿ ಸ್ಲೀಪರ್ ಎಂಬ ಕಾವಲು ಯಂತ್ರಗಳಿರುತ್ತವೆ, ಪುಟ್ಟ ಹಡಗು ಅವಕ್ಕೆ ಒಂದು ತುತ್ತು.

ಮನೆಯಲ್ಲಿ ಆಡುವ ನಮಗೆ ಇನ್ನೊಂದು ತಾಪತ್ರಯ ಉಂಟು. ಹಾಲು ಉಕ್ಕುತ್ತೆ, ಗ್ಯಾಸಿನವನು ಬಾಗಿಲು ತಟ್ಟುತ್ತಾನೆ. ಪೆಟ್ಟಿಗೆ ಮುಂದೆ ಹಡಗು ನಿಲ್ಲಿಸಿ ಎದ್ದು ಹೋಗಬೇಡಿ. ಅಡಗುತಾಣಕ್ಕೆ ಹೋಗಿ, ಕ್ಲೋಕ್ ಹಾಕಿ, ಆಮೇಲೆ ಏಳಿ. ಇನ್ನು ದಿನಾ ನಮ್ಮ ಸಂಜೆ ನಾಲ್ಕೂವರೆಗೆ ಆಟವನ್ನೇ ಸ್ವಲ್ಪ ಹೊತ್ತು ಮುಚ್ಚುತ್ತಾರೆ. ಕಾಫಿಗೆ ಸರಿಯಾದ ಸಮಯ! ನಮ್ಮ ಮಧ್ಯಾಹ್ನ ಯೂರೋಪಿನವರಿಗೆ ಬೆಳಗಿನ ಹೊತ್ತಾದ್ದರಿಂದ ಆಗ ಬೇಟೆಗಾರರೂ ಕಡಿಮೆ.

ನಿಮ್ಮ ನಿಜವಾದ ಹೆಸರು, ಊರು, ಫೋನ್ ನಂಬರು ಯಾರಿಗೂ ಕೊಡಬೇಡಿ, ಎಷ್ಟೇ ಸಜ್ಜನರಂತೆ ಮಾತಾಡಲಿ. “ದುಡ್ಡು ಕಳಿಸಿ, ಎರಡು ಪಟ್ಟು ಮಾಡಿ ಕೊಡ್ತೀನಿ” ಎನ್ನುವವರನ್ನು ನಂಬಬೇಡಿ. ಆಟದ ಹಣದ ವಿಷಯದಲ್ಲಿ ಇಂಥ ಮೋಸಕ್ಕೆ ಅಲ್ಲಿ ನಿಷೇಧವಿಲ್ಲ. ನಿಜವಾದ ರೂಪಾಯಿ ತೆತ್ತು ಆಟದ ಹಣ ಪಡೆಯುವ ದಾರಿಯನ್ನು ಕಂಪನಿಯವರೇ ಇಟ್ಟಿದ್ದಾರೆ. ಹಡಗು ಹೋದ ಸಿಟ್ಟಿನಲ್ಲಿ ಅದಕ್ಕೆ ಕೈಹಾಕಬೇಡಿ. ಕಂಪ್ಯೂಟರ್ ಮುಚ್ಚಿ, ಮಾರನೆಯ ದಿನ ಯೋಚಿಸಿ.

ತುಂಬಿಕೊಂಡು ಬರುವಾಗ ಜೀಟಾ ಎಂಬ ದೊಡ್ಡ ಪೇಟೆಗೆ ನೀವು ಬರಬಹುದು. ಅಲ್ಲಿ ಪೊಲೀಸರಿದ್ದಾರೆ ಎಂದು ಮೈಮರೆಯಬೇಡಿ. ನಿಮ್ಮ ಹಡಗಿನೊಳಗೆ ಏನಿದೆ ಅಂತ ಇಣುಕಿ ನೋಡುವ ಯಂತ್ರ ಉಂಟು. ಸರಕಿಗೆ ಬೆಲೆಯಿದ್ದರೆ ತಮ್ಮ ಅಗ್ಗದ ಹಡಗು ಸುಟ್ಟರೂ ಚಿಂತೆಯಿಲ್ಲ ಅಂತ ಬಂದು ಹೊಡೆಯುವವರಿದ್ದಾರೆ. ಸರಕು ಹೆಚ್ಚಿದ್ದರೆ ಹಿಂದಿನ ಯಾವುದಾದರೂ ಸ್ಟೇಷನ್ನಿನಲ್ಲಿ ಅರ್ಧ ಇಳಿಸಿಟ್ಟು, ಎರಡು ಸಲ ಓಡಾಡಿ.